ಹುಮನಾಬಾದಿನಲ್ಲಿ ಒಂದು ಊಟ

ಮಕ್ಕಳೇ, ಪುಣೆ–ಹೈದರಾಬಾದ್ ಹೆದ್ದಾರಿ 65 ನಮ್ಮ ಹುಮನಾಬಾದಿನ ಮೇಲೆ ಹಾದುಹೋಗುತ್ತದೆ. ಬಹಳ ಜನ ಢಾಬಾದಲ್ಲಿ ತಂದೂರಿ ರೊಟ್ಟಿ ತಿಂದು ಮುಂದೆ ಸಾಗುತ್ತಾರೆ. ನೀವು ಊರೊಳಗೆ ಬನ್ನಿ, ಖಾನಾವಳಿ ಹುಡುಕಿ.

ನನ್ನ ಮನೆಯಾಕೆ ತೀರಿಕೊಂಡ ಮೇಲೆ ಕೊಡಂಬಲದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಕಳೆದ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ, “ಮುತ್ಯಾ, ರೊಟ್ಟಿ ಬೇಕು” ಎಂದ. ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈಗೆ ರೊಟ್ಟಿ ಬಡಿಯಲು ಬಾರದು. ಅವನನ್ನು ಹುಮನಾಬಾದಿನ ಖಾನಾವಳಿಗೆ ಕರೆದೊಯ್ದೆ.

ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಂದವು. ಪುಂಡಿಯ ಹುಳಿಗೆ ಕಣ್ಣು ಕಿರಿದು ಮಾಡಿದರೂ ಹುಡುಗ ಮೂರು ರೊಟ್ಟಿ ತಿಂದ. ಆಮೇಲೆ ಮೆಲ್ಲಗೆ, “ಆಯಿ ಮಾಡಿದ್ದು ಇನ್ನೂ ತೆಳ್ಳಗಿರುತ್ತಿತ್ತು” ಎಂದ. ನನ್ನ ಗಂಟಲು ಕಟ್ಟಿತು.

ಮನೆಗೆ ಒಯ್ಯಲು ಕಡಕ್ ರೊಟ್ಟಿ ಕೊಳ್ಳಿ. ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ಬಹಳ ದಿನ ಇರುತ್ತದೆ. ಬಸವಕಲ್ಯಾಣದ ಕೋಟೆ ನೋಡಲು ಹೋಗುವವರಿಗೆ ರೊಟ್ಟಿ, ಹಿಂಡಿಯ ಬುತ್ತಿಯೇ ಸಾಕು. ಸಂತೆಯಲ್ಲಿ ಎಳೆಯ ಪುಂಡಿಸೊಪ್ಪು ಆರಿಸಿ. ಬಿಳಿಜೋಳ ಕೊಂಡು ಗಿರಣಿಯಲ್ಲಿ ಆಗಾಗ ಸ್ವಲ್ಪವೇ ಬೀಸಿಸಿ. ಹಿಟ್ಟು ಹಳೆಯದಾದರೆ ರೊಟ್ಟಿ ಹರಿಯುತ್ತದೆ.

ಇದು ನಾನು ಈಗ ಕಲಿತ ಪಾಠ. ದಿನಾ ಒಂದು ರೊಟ್ಟಿ ಬಡಿಯುತ್ತಿದ್ದೇನೆ. ಮುಂದಿನ ರಜೆಯೊಳಗೆ ತೆಳ್ಳಗಾದೀತು.