ಫೋಟೊದ ಬೆನ್ನು

ಹಳೆಯ ಪತ್ರಿಕಾ ಚಿತ್ರ ಕೈಗೆ ಬಂದರೆ ನಾನು ಮೊದಲು ತಿರುವಿ ಅದರ ಬೆನ್ನು ನೋಡುತ್ತೇನೆ. ಮುಂದೆ ಗುದ್ದು, ಬೆವರು, ಹಗ್ಗ. ಹಿಂದೆ ಟೈಪ್ ಮಾಡಿ ಅಂಟಿಸಿದ ಚೀಟಿ, ತಾರೀಖಿನ ಮೊಹರು, ಸುದ್ದಿಸಂಸ್ಥೆಯ ಹೆಸರು. ಡಿಜಿಟಲ್ ಕಾಲ ಬಂದ ಮೇಲೆ ಅಮೆರಿಕದ ಹಲವು ಪತ್ರಿಕೆಗಳು ತಮ್ಮ ಹಳೆಯ ಫೋಟೊಗಳನ್ನು ರಾಶಿಗಟ್ಟಲೆ ಮಾರಿದವು. ಹಾಗಾಗಿ ಬಾಕ್ಸಿಂಗ್ ಪಂದ್ಯಗಳ ಇಂಥ ಪ್ರತಿಗಳು ಫೆಲೋಶಿಪ್ ಹಣದಲ್ಲಿ ಬದುಕುವ ನನಗೂ ಆಗೊಮ್ಮೆ ಈಗೊಮ್ಮೆ ಎಟುಕುತ್ತವೆ.

ಕಳೆದ ಬೇಸಿಗೆಯಲ್ಲಿ ಕೂಡಲಸಂಗಮದಲ್ಲಿರುವ ಕಾಕಾನಿಗೆ ಒಂದನ್ನು ತೋರಿಸಿದೆ. 1965ರ ಮೇ 25, ಅಮೆರಿಕದ ಲೂಯಿಸ್ಟನ್ ಊರು. ಮೊದಲ ಸುತ್ತಿನಲ್ಲೇ ಉರುಳಿದವನ ಮುಂದೆ ಮುಹಮ್ಮದ್ ಅಲಿ ಗದರುತ್ತ ನಿಂತಿದ್ದಾನೆ. ಕಾಕಾ ಪ್ರಾಯದಲ್ಲಿ ಜಾತ್ರೆ ಕುಸ್ತಿಗಳಲ್ಲಿ ಬೆಳ್ಳಿ ಕಡೆ ಗೆದ್ದವರು. ಅಲಿಯ ಬಗ್ಗೆ ಏನೂ ಕೇಳಲಿಲ್ಲ.

"ಬಿದ್ದಾಂವ ಯಾರಪಾ?"

ಚೀಟಿ ನೋಡಿ ಹೇಳಿದೆ: ಸನ್ನಿ ಲಿಸ್ಟನ್. 1964ರಲ್ಲಿ ಅಲಿಗೆ ಸೋಲುವ ತನಕ ಹೆವಿವೇಟ್ ವಿಶ್ವ ಚಾಂಪಿಯನ್ ಅವನೇ.

"ಚಲೋ ಆತು. ಸೋತಾಂವನ ಹೆಸರೂ ಬರದಾರ."

ಎದ್ದು ಹೋಗಿ ಟ್ರಂಕಿನಿಂದ ತಮ್ಮದೊಂದು ಫೋಟೊ ತಂದರು. ಗರಡಿಮನೆಯ ಮುಂದೆ ಲಂಗೋಟಿಯ ಒಂಬತ್ತು ಹುಡುಗರು. ಆ ಗರಡಿ ಈಗ ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿದೆ. ಮುಳುಗಡೆಯಾದಾಗ ಒಬ್ಬೊಬ್ಬರೂ ಒಂದೊಂದು ಊರಿಗೆ ಚದುರಿದರು. ಫೋಟೊ ತಿರುವಿದೆ. ಬೆನ್ನು ಖಾಲಿ.

ಸಂಗಮದ ನೆಲದಲ್ಲಿ ಇದು ಹೆಚ್ಚೇ ಚುಚ್ಚುತ್ತದೆ. ವಚನದ ಕೊನೆಯಲ್ಲಿ 'ಕೂಡಲಸಂಗಮದೇವ' ಎಂದು ಬಂದರೆ ಅದು ಬಸವಣ್ಣನದೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡೋಲೆ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಶತಮಾನಗಳನ್ನು ದಾಟಿ ಬಂದ ಆ ಸಾಲುಗಳು ಯಾರವೆಂದು ಗುರುತಿಸಲು ಅಂಕಿತವೇ ಆಧಾರ. ಪತ್ರಿಕಾ ಚಿತ್ರಕ್ಕೆ ಬೆನ್ನ ಮೇಲಿನ ಚೀಟಿಯೇ ಅಂಕಿತ. ಅದಿಲ್ಲದಿದ್ದರೆ ಉಳಿಯುವುದು ಬರೀ ಮೈಕಟ್ಟು.

ಪತ್ರಿಕೆಯವರು ಲಿಸ್ಟನ್‌ನ ಹೆಸರು ಬರೆದದ್ದು ಪ್ರೀತಿಯಿಂದಲ್ಲ; ಮರುದಿನದ ಅಚ್ಚಿಗೆ ಬೇಕಿತ್ತು. ಆದರೂ ಆ ಕಚೇರಿ ಕೆಲಸವೇ ಅವನನ್ನು ಉಳಿಸಿತು. ನಮ್ಮ ಒಂಬತ್ತು ಜನರಿಗೆ ಅಂಥ ಕಚೇರಿ ಇರಲಿಲ್ಲ, ಕಾಕಾನ ನೆನಪೊಂದಿತ್ತು. ಅದಕ್ಕೆ ಈಗ ಎಂಬತ್ತೊಂದು ವರ್ಷ.

ಎಡದಿಂದ ಶುರು ಮಾಡಿದೆವು. ಅವರು ಬೆರಳಿಟ್ಟು ಹೇಳಿದರು, ನಾನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆದೆ. ಪೆನ್ನಿನ ಮಸಿ ಕಾಗದ ದಾಟಿ ಮುಂದಕ್ಕೆ ಇಳಿಯಬಹುದು. ಆರು ಹೆಸರು ಬಂದವು. ಏಳನೆಯವನ ಮೇಲೆ ಬೆರಳು ಬಹಳ ಹೊತ್ತು ನಿಂತಿತು.

"ಬಾಯಾಗ ಐತಿ, ಬರವಲ್ದು."

ಆ ಫೋಟೊದ ನಕಲು ಹಿಡಿದು ಹುನಗುಂದ, ಇಳಕಲ್ಲಿನ ಹಳೆಯ ಪೈಲ್ವಾನರ ಮನೆ ಹುಡುಕುತ್ತಿದ್ದೇನೆ. ಬೆನ್ನ ಮೇಲೆ 7, 8, 9 ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ.