ಒಂದು ಕೋಣೆಯ ತಂಪು

ಬೇಸಗೆಯಲ್ಲಿ ಕಲಬುರಗಿಯ ಹಗಲಿನ ತಾಪವು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು ಸಾಮಾನ್ಯ. ಸೂರ್ಯನು ಮುಳುಗಿದರೂ ಕಾಂಕ್ರೀಟಿನ ಛಾವಣಿ ತಣಿಯದು. ಹಗಲೆಲ್ಲ ಹೀರಿದ ಕಾವನ್ನು ಇರುಳೆಲ್ಲ ಕೆಳಗೆ ಸೂಸುತ್ತದೆ. ನಿದ್ರೆ ಬರಲು ಮೈಯ ಒಳತಾಪವು ತುಸು ಇಳಿಯಬೇಕು. ಕೋಣೆ ಕಾದಿದ್ದರೆ ಅದು ಸುಲಭವಾಗಿ ಇಳಿಯದು. ನಿದ್ದೆಗೆಟ್ಟ ಕೂಸೂ ಮುದುಕರೂ ಮರುದಿನ ಬಳಲುತ್ತಾರೆ. ಆದುದರಿಂದ ಮಲಗುವ ಕೋಣೆಯ ತಂಪು ಭೋಗವಲ್ಲ, ಅಗತ್ಯ.

ಆದರೆ ಅಗತ್ಯಕ್ಕೂ ಒಂದು ಎಲ್ಲೆಯುಂಟು. ಮಲಗುವವನಿಗೆ ಬೇಕಾದುದು ಒಂದು ಕೋಣೆಯ ತಂಪೇ ಹೊರತು ಇಡೀ ಮನೆಯದಲ್ಲ. ಹಿಂದಿನವರು ಇದನ್ನು ಅರಿತಿದ್ದರು. ಅವರು ಮನೆಯನ್ನು ತಣಿಸಲು ಹೋಗದೆ, ಹಾಸಿಗೆಯನ್ನೇ ಮಾಳಿಗೆಯ ಮೇಲಣ ತಂಪಿಗೆ ಒಯ್ಯುತ್ತಿದ್ದರು.

ಇಂದು ಹವಾನಿಯಂತ್ರಕ ಬಂದಿದೆ. ಅದು ತಂಪನ್ನು ಸೃಷ್ಟಿಸುವುದಿಲ್ಲ. ಕೋಣೆಯ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ. ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಅದಕ್ಕೆ ಕೂಡಿಸುತ್ತದೆ. ಬಾಗಿಲು ತೆರೆದಿಟ್ಟು, ಯಾರೂ ಇಲ್ಲದ ಪಡಸಾಲೆಯನ್ನೂ ತಣಿಸುವವನು ಬೀದಿಯನ್ನು ಇನ್ನಷ್ಟು ಕಾಯಿಸುತ್ತಾನೆ. ಅದೇ ಬೀದಿಯಲ್ಲಿ, ಕಿಟಕಿ ತೆರೆದು ಗಾಳಿಯ ದಾರಿ ನೋಡುತ್ತಿರುವ ನೆರೆಯವನೂ ಇದ್ದಾನೆ.

ಭಾರತದಲ್ಲಿ ಮಾರುವ ಇಂಥ ಯಂತ್ರಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವು 2020ರ ಜನವರಿ 1ರಂದು ಜಾರಿಗೆ ಬಂದಿತು. ಹಗಲಲ್ಲಿ ಪರದೆ ಇಳಿಬಿಟ್ಟು, ಇರುಳು ಬಾಗಿಲು ಮುಚ್ಚಿ, ಮೇಲೆ ಫ್ಯಾನು ತಿರುಗಿಸಿದರೆ ಬಹುಮಂದಿಗೆ ಅಷ್ಟು ಸಾಕು. 18ಕ್ಕೆ ಇಳಿಸಿ ಕಂಬಳಿ ಹೊದೆಯುವುದು ಜಾಣತನವಲ್ಲ. ತನ್ನ ನಿದ್ರೆಯೊಡನೆ ನೆರೆಯವನ ನಿದ್ರೆಯನ್ನೂ ನೆನೆಯುವವನೇ ತಂಪಿನ ಬೆಲೆಯನ್ನು ಬಲ್ಲವನು.