ಕೇಳಿಸಿಕೊಳ್ಳದೆ ಕೊಟ್ಟ ಕ್ಷಮೆ

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಧರ್ಮಗುರು ಯಾರಿಗೂ ಹೇಳುವಂತಿಲ್ಲ. 1983ರ ಚರ್ಚ್ ಕಾನೂನು ಅದನ್ನು ಮುರಿಯಲಾಗದ ಮುದ್ರೆ ಎನ್ನುತ್ತದೆ. ಪ್ರಾಣ ಹೋದರೂ ಆ ಮಾತು ಬಾಯಿಂದ ಹೊರಡಬಾರದು. ಹಾಗಾಗಿ ಆ ಶನಿವಾರ ಸಂಜೆ ನನ್ನ ಬಳಿ ಮೊಣಕಾಲೂರಿದವರು ಯಾರು, ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯಲಾರೆ. ಅನುಮತಿ ಇದ್ದಿದ್ದರೂ ಬರೆಯಲು ಆಗುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲೇ ಇಲ್ಲ.

ಮನಸ್ಸು ಪರಿಹಾರಕ್ಕೆ ಹಂಚಬೇಕಾಗಿದ್ದ ಅಕ್ಕಿ ಮೂಟೆ, ತಾಡಪಾಲುಗಳ ಪಟ್ಟಿಯಲ್ಲಿತ್ತು. ಅಲ್ಲಿಂದ ಚರ್ಚಿನ ಸಭಾಂಗಣಕ್ಕೆ ಬರಬೇಕಾಗಿದ್ದ ಸಿಮೆಂಟಿಗೆ, ಅಲ್ಲಿಂದ ತಹಶೀಲ್ದಾರರ ಕಚೇರಿಗೆ ಕೊಡಬೇಕಾಗಿದ್ದ ಅರ್ಜಿಗೆ ಹೋಗಿತ್ತು. ಎದುರಿನ ದನಿ ನಿಂತದ್ದು ಗೊತ್ತಾದಾಗ ರೂಢಿಯ ನಾಲ್ಕು ಮಾತು ಹೇಳಿ, ಕ್ಷಮೆಯ ಪ್ರಾರ್ಥನೆ ಹೇಳಿ, ಶಿಲುಬೆಯ ಗುರುತು ಮಾಡಿ ಕಳಿಸಿಬಿಟ್ಟೆ. ಅವರು ಎದ್ದು ಹೋದ ಮೇಲೆ, ನಾನು ಕ್ಷಮಿಸಿದ್ದು ಏನನ್ನು ಎಂದು ಕೇಳಿಕೊಂಡೆ. ಉತ್ತರ ಇರಲಿಲ್ಲ.

ಸಂಸ್ಕಾರದ ಫಲ ಗುರುವಿನ ಯೋಗ್ಯತೆಯ ಮೇಲೆ ನಿಂತಿಲ್ಲ, ಅದು ಕ್ರಿಸ್ತನದು ಎಂದು ಸಂತ ಅಗಸ್ಟೀನರು, ಅದನ್ನು ಒಪ್ಪದ ಡೊನಾಟಿಸ್ಟ್ ಪಂಥದವರೆದುರು ವಾದಿಸಿದ್ದರು. ಸೆಮಿನರಿಯಲ್ಲಿ ಓದಿದ ಆ ಪಾಠವನ್ನು ನಾನು ನಂಬುತ್ತೇನೆ. ಆ ವ್ಯಕ್ತಿಯ ಮಟ್ಟಿಗೆ ಅದೇ ನನ್ನ ಆಸರೆ. ಆದರೆ ದೇವರು ಅವರನ್ನು ಬರಿಗೈಯಲ್ಲಿ ಕಳಿಸಿರಲಾರನು ಎಂಬ ನಂಬಿಕೆಯನ್ನು ನನ್ನ ಮೈಗಳ್ಳ ಕಿವಿಗೆ ರಕ್ಷಣೆಯಾಗಿ ಬಳಸಲು ನನಗೆ ಹಕ್ಕಿಲ್ಲ. ಅವರನ್ನು ಹುಡುಕಿಕೊಂಡು ಹೋಗಿ 'ಇನ್ನೊಮ್ಮೆ ಹೇಳಿ' ಎನ್ನುವಂತೆಯೂ ಇಲ್ಲ. ಅದೇ ಮುದ್ರೆ ನನ್ನ ಕಾಲನ್ನೂ ಕಟ್ಟಿದೆ.

ಆ ಶನಿವಾರ ಬಂದದ್ದು 2024ರ ಮಳೆಗಾಲದಲ್ಲಿ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ ಮಣ್ಣಿನಡಿ ಹೋಯಿತು. ಗಂಗಾವಳಿ ನದಿಗೆ ಜಾರಿದ ಮಣ್ಣು ಎಬ್ಬಿಸಿದ ಅಲೆ ಆಚೆ ದಡದ ಉಳುವರೆ ಊರಿಗೆ ಅಪ್ಪಳಿಸಿತು. ಕುಸಿತದಲ್ಲಿ ಕಾಣೆಯಾಗಿದ್ದ ಕೇರಳದ ಚಾಲಕನೊಬ್ಬನ ಲಾರಿ ನದಿಯಿಂದ ಮೇಲೆ ಬಂದದ್ದು 70 ದಿನ ದಾಟಿ, ಸೆಪ್ಟೆಂಬರ್ 25ರಂದು. ಈ ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿದರು. ಆ ದಿನಗಳಲ್ಲಿ ಕಾರವಾರ, ಅಂಕೋಲೆಗಳ ನಡುವೆ ಯಾರೂ ಸುಮ್ಮನೆ ಕೂತಿರಲಿಲ್ಲ. ನಾನೂ ಓಡಾಡಿದೆ. ಓಡಾಡಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆದರೆ ಒಂದನ್ನು ನೇರವಾಗಿ ಹೇಳಬೇಕು. ನನ್ನ ಕಿವಿ ಮಂದವಾದದ್ದು ಪ್ರಾರ್ಥನೆ ಬಿಟ್ಟದ್ದರಿಂದ; ಬಿಟ್ಟದ್ದು ಗುಡ್ಡ ಕುಸಿದ ಮೇಲಲ್ಲ, ಅದಕ್ಕೂ ಬಹಳ ಮೊದಲು. ಗುಡ್ಡ ನನಗೆ ಒಳ್ಳೆಯ ನೆಪವಾಗಿ ಒದಗಿತು, ಅಷ್ಟೇ. ಬೇರೆಯವರ ಸಾವು ನನ್ನ ಸೋಮಾರಿತನಕ್ಕೆ ಮರೆಯಾಯಿತು ಎಂದು ಬರೆಯುವಾಗ ಕೈ ನಡುಗುತ್ತದೆ.

ಮೊದಲು ಹೋದದ್ದು ಬೈಬಲ್ ಓದು. ಓದುವುದು ನಿಂತಿರಲಿಲ್ಲ, ದಿನವೂ ಓದುತ್ತಿದ್ದೆ; ಅದಕ್ಕೇ ನಷ್ಟ ಕಾಣಿಸಲಿಲ್ಲ. ನಮ್ಮ ಕಡೆ ಒಬ್ಬ ಧರ್ಮಗುರುವಿಗೆ ಒಂದು ಭಾಷೆ ಸಾಲದು. ಕರಾವಳಿಯ ಮೀನುಗಾರ ಕುಟುಂಬಗಳಿಗೆ ಕೊಂಕಣಿಯಲ್ಲಿ ಬಲಿಪೂಜೆ, ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದವರಿಗೆ ಕನ್ನಡದಲ್ಲಿ, ನೌಕಾನೆಲೆಗೂ ಕೈಗಾ ಅಣುಸ್ಥಾವರಕ್ಕೂ ಬೇರೆ ಬೇರೆ ರಾಜ್ಯಗಳಿಂದ ಬಂದವರಿಗೆ ಇಂಗ್ಲಿಷಿನಲ್ಲಿ. ಒಂದೇ ಶುಭಸಂದೇಶಕ್ಕೆ ಮೂರು ಪ್ರಸಂಗ ಸಿದ್ಧವಾಗಬೇಕು. ವಾಕ್ಯ ತೆರೆದ ಕೂಡಲೇ 'ಇದನ್ನು ಅವರಿಗೆ ಹೇಗೆ ಹೇಳಲಿ' ಎಂಬ ಯೋಚನೆ ಓಡುತ್ತಿತ್ತು. 'ಇದು ನನಗೆ ಏನು ಹೇಳುತ್ತಿದೆ' ಎಂದು ಕೇಳುವ ಅಭ್ಯಾಸ ಯಾವ ವಾರ ತಪ್ಪಿತೋ ನೆನಪಿಲ್ಲ. ಕೆಲಸದಲ್ಲಿ ಮುಳುಗಿದ ಮಾರ್ತ, ಕ್ರಿಸ್ತನ ಪಾದದ ಬಳಿ ಕೂತ ಮರಿಯ, ಈ ಅಕ್ಕತಂಗಿಯರ ಕಥೆಯ ಮೇಲೆ ಮೂರು ಭಾಷೆಗಳಲ್ಲಿ ಚೆನ್ನಾಗಿ ಮಾತಾಡಿದ ಭಾನುವಾರ, ನಾನು ಒಂದು ನಿಮಿಷವೂ ಕ್ರಿಸ್ತನ ಪಾದದ ಬಳಿ ಕೂತಿರಲಿಲ್ಲ. ಜನ ಮೆಚ್ಚಿದರು. ಪ್ರಸಂಗ ಚೆನ್ನಾಗಿದ್ದದ್ದು ನಿಜ. ಅಪಾಯ ಇದ್ದದ್ದೂ ಅಲ್ಲೇ: ಒಳಗೆ ಬತ್ತಿದ ಮೇಲೂ ಕಸುಬು ಬಹಳ ಕಾಲ ನಡೆಯುತ್ತದೆ.

ಆಮೇಲೆ ಪ್ರಹರಗಳ ಪ್ರಾರ್ಥನೆ ಹೋಯಿತು. ಆ ಪ್ರಾರ್ಥನೆಯ ಪುಸ್ತಕವಾದ ಬ್ರೆವಿಯರಿ ಫೋನಿನಲ್ಲೇ ಇದೆ. ಕೀರ್ತನೆಯ ನಡುವೆ ವಾಟ್ಸ್ಆ್ಯಪ್ ಸಂದೇಶ ಬಂದರೆ ಬೆರಳು ಅತ್ತ ಹೋಗುತ್ತಿತ್ತು, ಮರಳಿ ಬಂದಾಗ ಯಾವ ಸಾಲಿನಲ್ಲಿದ್ದೆ ಎಂಬುದೇ ಮರೆತಿರುತ್ತಿತ್ತು. ಕೊನೆಗೆ ವಾರ್ಷಿಕ ಧ್ಯಾನಕೂಟ. ಗುರುಗಳು ಧ್ಯಾನಕೂಟ ಮಾಡಲೇಬೇಕೆಂದು ಕಾನೂನಿನ 276ನೇ ಕಲಂ ಹೇಳುತ್ತದೆ. ಸಭಾಂಗಣದ ಕೆಲಸ, ಸೀಬರ್ಡ್ ನೌಕಾನೆಲೆಗಾಗಿ ಜಾಗ ಕಳೆದುಕೊಂಡ ನಿರಾಶ್ರಿತರ ಪರಿಹಾರದ ಅರ್ಜಿಗಳು ಎಂದು ಕಾರಣ ಬರೆದು ನಾನೇ ವಿನಾಯಿತಿ ಕೇಳಿಕೊಂಡೆ. ನನ್ನ ಚರ್ಚಿನ ಬೋಟಿನವರು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ದಡದಲ್ಲಿ ನಿಲ್ಲಿಸುತ್ತಾರೆ. ಮೀನು ಮೊಟ್ಟೆಯಿಡಲು ಬಿಡದಿದ್ದರೆ ಮುಂದೆ ಬಲೆಗೆ ಏನೂ ಸಿಗದು ಎಂದು ಅವರಿಗೆ ಗೊತ್ತು. ಆ ಎರಡು ತಿಂಗಳು ಕೈಯಲ್ಲಿ ಕಾಸಿಲ್ಲದೆಯೂ ನಿಲ್ಲಿಸುತ್ತಾರೆ. ಅವರಿಗೆ ಪ್ರಸಂಗ ಮಾಡುತ್ತಿದ್ದ ನಾನು ಒಂದು ವಾರ ನಿಲ್ಲಲಾರದೆ ಹೋದೆ.

ಕಾರಣ ಕೆಲಸದ ಒತ್ತಡ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಪ್ರಾರ್ಥನೆಯಲ್ಲಿ ನನ್ನನ್ನು ಯಾರೂ ಹೊಗಳುತ್ತಿರಲಿಲ್ಲ. ಹೊರಗೆ ಹೋದರೆ 'ಫಾದರ್ ಇಲ್ಲದಿದ್ದರೆ ಆಗುತ್ತಿರಲಿಲ್ಲ' ಎಂಬ ಮಾತು ಸಿಗುತ್ತಿತ್ತು. ಆ ಮಾತಿಗೆ ನಾನು ಒಗ್ಗಿಹೋಗಿದ್ದೆ. ಹನ್ನೆರಡನೇ ಶತಮಾನದಲ್ಲಿ ಸಂತ ಬರ್ನಾರ್ಡರು ತಮ್ಮ ಶಿಷ್ಯನೇ ಮೂರನೇ ಯೂಜೀನ್ ಎಂಬ ಹೆಸರಿನಲ್ಲಿ ಪೋಪ್ ಆದ ಮೇಲೆ ಅವರಿಗಾಗಿ ಒಂದು ಗ್ರಂಥ ಬರೆದರು. ಅದರಲ್ಲಿ ಅವರು ಹೆದರಿದ್ದು ಶತ್ರುಗಳಿಗಲ್ಲ, ಮುಗಿಯದ ವ್ಯವಹಾರಗಳಿಗೆ: ದಿನವೂ ಅದರಲ್ಲೇ ಮುಳುಗಿದವನ ಹೃದಯ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಅವನಿಗೆ ತಿಳಿಯುವುದೂ ಇಲ್ಲ ಎಂಬುದು ಅವರ ಆತಂಕ. ಪೋಪರಿಗೆ ಬಂದ ರೋಗ ಕಾರವಾರದ ಒಂದು ಚಿಕ್ಕ ಚರ್ಚಿನ ಗುರುವಿಗೂ ಬರುತ್ತದೆ. ನನ್ನಲ್ಲಿ ಅದು ಮೊದಲು ತಿಂದದ್ದು ಕಿವಿಯನ್ನು. ಕೈಕಾಲಿನ ಶಕ್ತಿ ಕೊನೆಯವರೆಗೂ ಇತ್ತು.

ಆ ಶನಿವಾರದ ನಂತರ ಅಂಕೋಲಾ ಕಡೆ ವಿಶ್ರಾಂತಿಯಲ್ಲಿದ್ದ ಹಿರಿಯ ಗುರುಗಳೊಬ್ಬರ ಬಳಿಗೆ ಬಸ್ಸು ಹತ್ತಿ ಹೋದೆ. ಬೈಕಿನಲ್ಲಿ ಹೋದರೆ ದಾರಿಯಲ್ಲಿ ಎರಡು ಕೆಲಸ ಮುಗಿಸಿಕೊಳ್ಳುತ್ತೇನೆಂದು ನನಗೇ ಗೊತ್ತಿತ್ತು. ಎಷ್ಟೋ ತಿಂಗಳಿಂದ ನಾನೇ ಪಾಪನಿವೇದನೆ ಮಾಡಿರಲಿಲ್ಲ. ಅವರ ಎದುರು ಮೊಣಕಾಲೂರಿ ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದ್ದು ಒಂದೇ: "ಎಷ್ಟು ಹೊತ್ತಿಗೆ ಊಟ ಮಾಡ್ತೀಯ? ನಿದ್ದೆ?" ನನಗೆ ಉಪದೇಶ ಬೇಕಾಗಿತ್ತು, ಅವರು ಅನ್ನದ ಮಾತು ತೆಗೆದರು. ಆಮೇಲೆ ಎಲೀಯನನ್ನು ನೆನಪಿಸಿದರು. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಆ ಪ್ರವಾದಿಯನ್ನು ದೇವದೂತ ಎರಡು ಸಲ ಎಬ್ಬಿಸಿದ್ದು ರೊಟ್ಟಿ ತಿನ್ನಿಸಿ ನೀರು ಕುಡಿಸಲು. ದೇವರ ದನಿ ಕೇಳಿಸಿದ್ದು ಅದಾದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಮಧ್ಯಾಹ್ನದ ಊಟ ಮೂರೂವರೆಗೆ, ನಿದ್ದೆ ನಾಲ್ಕು ತಾಸು ಎಂದಿದ್ದ ನನಗೆ ಆ ಕ್ರಮ ಹೊಳೆದಿರಲಿಲ್ಲ.

ಅವರು ಸಂತ ಜೋಸೆಫ್ ವಾಜರ ಬದುಕನ್ನೂ ಮತ್ತೆ ಓದಲು ಹೇಳಿದರು. ನಮ್ಮ ಕರಾವಳಿಯವರಿಗೆ ಅವರು ಪರಕೀಯರಲ್ಲ. ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದವರು, 1681ರಿಂದ ಮೂರು ವರ್ಷ ಕೆನರಾದಲ್ಲಿ ದುಡಿದರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಚದುರಿಹೋಗಿದ್ದ ವಿಶ್ವಾಸಿಗಳನ್ನು ಕೂಡಿಸಿದರು. ಪೋರ್ಚುಗೀಸರ ಪಾದ್ರೊಆದೊ ಮತ್ತು ರೋಮಿನ ಪ್ರೊಪಗಾಂಡಾ ಎಂಬ ಎರಡು ಚರ್ಚ್ ಆಡಳಿತಗಳ ನಡುವಿನ ಅಧಿಕಾರದ ಜಗಳದಲ್ಲಿ ಸಿಕ್ಕಿ ನೊಂದರು. ಅವರ ಕಾಲ್ನಡಿಗೆ, ಅವರ ಪವಾಡಗಳನ್ನು ನಾನೂ ಪ್ರಸಂಗಗಳಲ್ಲಿ ಹೇಳಿದ್ದೆ. ಆದರೆ ಸಿಂಹಳಕ್ಕೆ ಹೋಗುವ ಮೊದಲು ಅವರು ಏನು ಮಾಡಿದರು ಎಂಬುದನ್ನು ಗಮನಿಸಿರಲಿಲ್ಲ. ಗೋವೆಗೆ ಮರಳಿ 1685ರಲ್ಲಿ, ಒಟ್ಟಿಗೆ ಪ್ರಾರ್ಥಿಸುತ್ತ ಬಾಳುತ್ತಿದ್ದ ಗುರುಗಳ ಸಣ್ಣ ಗುಂಪೊಂದನ್ನು ಸೇರಿದರು. ಅದೇ ಓರೆಟರಿ ಸಂಘವಾಯಿತು. ಸಿಂಹಳದಲ್ಲಿ ಡಚ್ಚರ ಕಾಟಕ್ಕೆ ಸಿಕ್ಕಿದ್ದ ಕಥೋಲಿಕರು ಗುರುವಿಲ್ಲದೆ ಕಾಯುತ್ತಿದ್ದ ಕಾಲವದು. ಅವಸರಕ್ಕೆ ಅವರಿಗಿದ್ದಷ್ಟು ಕಾರಣ ನನಗಿರಲಿಲ್ಲ. ಆದರೂ ಮೊದಲು ಜೊತೆಗಾರರ ನಡುವೆ ಮೊಣಕಾಲೂರಿದರು, 1687ರಲ್ಲಿ ಸಿಂಹಳ ಮುಟ್ಟಿದರು, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ. ಅಷ್ಟು ವರ್ಷ ಹೇಗೆ ನಿಂತರು ಎಂದು ಕೇಳುವವರು ಆ ಓರೆಟರಿಯ ದಿನಗಳನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ನಾನು ಪ್ರತಿ ತಿಂಗಳು ಆ ಹಿರಿಯರಲ್ಲಿಗೆ ಹೋಗುತ್ತೇನೆ. ಬ್ರೆವಿಯರಿ ಮತ್ತೆ ಪುಸ್ತಕದಲ್ಲೇ. ಪ್ರಸಂಗಕ್ಕೆ ಓದುವ ಬೈಬಲ್ ಬೇರೆ, ಬೆಳಗ್ಗೆ ಓದುವುದು ಬೇರೆ; ಬೆಳಗ್ಗೆ ಓದಿದ್ದನ್ನು ಆ ವಾರ ಯಾವ ಪ್ರಸಂಗದಲ್ಲೂ ಬಳಸುವುದಿಲ್ಲ. ಎಲ್ಲ ದಿನವೂ ಇದು ಸಾಧ್ಯವಾಗುತ್ತದೆ ಎನ್ನಲಾರೆ. ಒಣಗಿದ ಬೆಳಗುಗಳು ಈಗಲೂ ಇವೆ. ಆದರೆ ಒಣಗಿದೆ ಎಂದು ಈಗ ಒಬ್ಬರಿಗೆ ಹೇಳುತ್ತೇನೆ.

ಪಾಲನಾ ಪರಿಷತ್ತಿನ ಸಭೆಯಲ್ಲಿ ಸಭಾಂಗಣದ ಲೆಕ್ಕ, ಬೀಗದ ಕೈ, ಗುತ್ತಿಗೆದಾರನ ಜೊತೆಗಿನ ಮಾತುಕತೆ ಎಲ್ಲವನ್ನೂ ಜನರಿಗೇ ಒಪ್ಪಿಸುತ್ತೇನೆ ಎಂದೆ. ಬೆಳಗಿನ ಒಂದು ತಾಸು, ಸಂಜೆಯ ಅರ್ಧ ತಾಸು ಫೋನು ತೆಗೆಯುವುದಿಲ್ಲ ಎಂದೂ ಹೇಳಿದೆ. ಕೆಲವರಿಗೆ ಹಿಡಿಸಲಿಲ್ಲ. ಫಾದರ್ ಕೈ ಬಿಟ್ಟರೆ ಕೆಲಸ ಹಾಗೇ ನಿಂತುಹೋಗುತ್ತದೆ ಎಂದರು; ಕೆಲಸ ನಿಧಾನವಾದದ್ದೂ ನಿಜ. ಮೀನು ಮಾರುವ ಹಿರಿಯ ಹೆಂಗಸೊಬ್ಬರು ಎದ್ದು ನಿಂತು ಕೇಳಿದರು: "ಆ ಹೊತ್ತಿಗೇ ಯಾರಾದ್ರೂ ಜೀವ ಬಿಡೋ ಹಾಗಿದ್ರೆ ಏನ್ ಮಾಡ್ಬೇಕು ಫಾದರ್?" ಬಾಗಿಲು ಬಡಿಯಿರಿ, ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ಹಿಡಿದುಕೊಂಡು ಆ ಕ್ಷಣವೇ ಬರುತ್ತೇನೆ ಎಂದೆ. ಅವರು ಸ್ವಲ್ಪ ಯೋಚಿಸಿ, ಹಾಗಾದ್ರೆ ಲೆಕ್ಕದ ಪುಸ್ತಕ ನನ್ನ ಮಗಳಿಗೆ ಕೊಡಿ, ಅವಳು ಬಿ.ಕಾಂ. ಓದಿದ್ದಾಳೆ ಎಂದರು.